ಪರಾಗದ ಲೆಕ್ಕ ಹಿಡಿದ ಲೆನಾರ್ಟ್ ಫಾನ್ ಪೋಸ್ಟರು

ಪರಾಗವೆಂದೊಡನೆ ಸಾಹಿತ್ಯದ ಓದುಗರಿಗೆ ದುಂಬಿಯ ನೆನಪಾಗುವುದು ಸಹಜ. ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ನಮ್ಮ ಕವಿಗಳು ಪರಾಗವನ್ನು ವರ್ಣಿಸಿದಾಗಲೆಲ್ಲ ಅವರ ಕಣ್ಣಮುಂದೆ ಇದ್ದುದು ತಾವರೆ, ಸಂಪಗೆಗಳಂತಹ ಬಣ್ಣವೂ ಕಂಪೂ ಉಳ್ಳ ಹೂವುಗಳು. ಹುಲ್ಲಿನ ಹೂವನ್ನು, ಜೋಳದ ತೆನೆಯ ಹೂವನ್ನು ವರ್ಣಿಸಲು ಯಾರಿಗೆ ಮನಸ್ಸಾದೀತು? ಆದರೆ ಭೂಮಿಯ ಹಳೆಯ ಕಥೆಯನ್ನು ತಿಳಿಯಬೇಕೆಂದು ಹೊರಟ ವಿಜ್ಞಾನಿಗಳಿಗೆ ಒದಗಿಬಂದದ್ದು ಮುಖ್ಯವಾಗಿ ಈ ವರ್ಣನೆಗೆ ಒಳಗಾಗದ ಹೂವುಗಳೇ. ದುಂಬಿಯನ್ನು ನೆಚ್ಚಿದ ಹೂವು ತನ್ನ ಪರಾಗವನ್ನು ಅಳೆದು ಕೊಡುತ್ತದೆ. ಗಾಳಿಯನ್ನು ನೆಚ್ಚಿದ ಮರ ಅದನ್ನು ಲೆಕ್ಕವಿಲ್ಲದೆ ಸೂರೆಮಾಡುತ್ತದೆ. ಗುರಿ ಮುಟ್ಟದ ಕೋಟ್ಯಂತರ ಕಣಗಳು ಸರೋವರಗಳ ಮೇಲೆ, ಜೌಗುಗಳ ಮೇಲೆ ಬಿದ್ದು, ತಳಕ್ಕಿಳಿದು, ಹೂಳಿನಲ್ಲಿ ಹುದುಗಿ ಸಾವಿರಾರು ವರ್ಷ ಉಳಿದುಬಿಡುತ್ತವೆ. ಹೀಗೆ ವ್ಯರ್ಥವಾಗಿ ಹೋದ ಪರಾಗವನ್ನು ಪದರ ಪದರವಾಗಿ ತೆಗೆದು, ಒಂದೊಂದೇ ಕಣವನ್ನು ಎಣಿಸಿ, ಕಾಡುಗಳ ಚರಿತ್ರೆಯನ್ನೂ ವಾಯುಗುಣದ ಏರಿಳಿತವನ್ನೂ ಓದುವ ಕ್ರಮವನ್ನು ಲೋಕಕ್ಕೆ ಕಲಿಸಿಕೊಟ್ಟವರು ಸ್ವೀಡನ್ ದೇಶದ ಲೆನಾರ್ಟ್ ಫಾನ್ ಪೋಸ್ಟ್. ಸಸ್ಯಶಾಸ್ತ್ರ, ಭೂವಿಜ್ಞಾನಗಳನ್ನು ಅಭ್ಯಾಸ ಮಾಡಿದವರಿಗೆ ಈ ಹೆಸರು ಪರಿಚಿತವಾದದ್ದೇ. ಚರಿತ್ರೆಯಲ್ಲಿ ಆಸಕ್ತಿಯುಳ್ಳ ಇತರ ಓದುಗರಿಗೂ ಅದು ಪರಿಚಿತವಾಗಬೇಕೆಂಬುದು ನನ್ನ ಆಸೆ.

ಫಾನ್ ಪೋಸ್ಟರು 1884ರ ಜೂನ್ ತಿಂಗಳಲ್ಲಿ, ಸ್ವೀಡನ್ನಿನ ಮಧ್ಯಭಾಗದ ವೆಸ್ಟೆರೋಸ್ ಪಟ್ಟಣದ ಹತ್ತಿರ, ಒಂದು ಕುಲೀನ ಮನೆತನದಲ್ಲಿ ಜನಿಸಿದರು. ಅವರ ಜೀವನಕಾರ್ಯ ಅರ್ಥವಾಗಬೇಕಾದರೆ ಅವರು ಹುಟ್ಟಿದ ನೆಲದ ಪೂರ್ವಕಥೆಯನ್ನು ಸ್ವಲ್ಪಮಟ್ಟಿಗೆ ಅರಿತಿರಬೇಕು. ಸುಮಾರು 20,000 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯವು ಮಹಾಹಿಮದ ಹೊದಿಕೆಯ ಅಡಿಯಲ್ಲಿತ್ತು. ಹಿಮವು ಕರಗುತ್ತ ಉತ್ತರಕ್ಕೆ ಸರಿದಂತೆ ಬರಿಯ ಬಂಡೆ, ಜೇಡಿಮಣ್ಣು, ತಗ್ಗುಗಳು ಹೊರಬಿದ್ದುವು. ತಗ್ಗುಗಳಲ್ಲಿ ನೀರು ನಿಂತು ಸಾವಿರಾರು ಸರೋವರಗಳಾದುವು. ಅವುಗಳಲ್ಲಿ ಅನೇಕವು ಕಾಲಕ್ರಮದಲ್ಲಿ ಹೂಳು ತುಂಬಿ ಜೌಗುಗಳಾಗಿ ಮಾರ್ಪಟ್ಟುವು. ಜೌಗಿನ ಹಾವಸೆಯೂ ಹುಲ್ಲೂ ಸತ್ತಮೇಲೆ, ಗಾಳಿ ಸೋಂಕದ ಆ ನೀರಿನಲ್ಲಿ ಪೂರ್ತಿ ಕೊಳೆಯದೆ, ಕಂದುಬಣ್ಣದ ಮೆತ್ತನೆಯ ಪದರಗಳಾಗಿ ಸೇರುತ್ತ ಹೋಗುತ್ತವೆ. ಇದಕ್ಕೆ ಪೀಟ್ ಎಂದು ಹೆಸರು. ಅಲ್ಲಿಯ ಜನ ಇದನ್ನು ಅಗೆದು ಒಣಗಿಸಿ ಸೌದೆಯಂತೆ ಉರಿಸುತ್ತಿದ್ದರು. ಇಂದು ಸ್ವೀಡನ್ನಿನಲ್ಲಿ ಕಾಣುವ ಮರಗಳಲ್ಲಿ ಬಹುತೇಕ ಎಲ್ಲವೂ ಹಿಮ ಸರಿದಮೇಲೆ ಬೇರೆಡೆಯಿಂದ ವಲಸೆ ಬಂದವುಗಳು. ಯಾವುದು ಮೊದಲು ಬಂದಿತು, ಯಾವುದು ಅನಂತರ, ಎಂತಹ ಹವೆ ಅದನ್ನು ಕರೆತಂದಿತು ಎಂಬ ಪ್ರಶ್ನೆ ಆ ನಾಡಿನ ವಿದ್ವಾಂಸರಿಗೆ ತಮ್ಮ ಮನೆಯ ವಂಶಾವಳಿಯಷ್ಟೇ ಆಪ್ತವಾದದ್ದು.

ಫಾನ್ ಪೋಸ್ಟರು ಉಪ್ಸಾಲ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಕುರಿತು ಪಂಡಿತರಲ್ಲಿ ಎರಡು ಪಕ್ಷಗಳಿದ್ದುವು. ನಾರ್ವೆಯ ಸಸ್ಯಶಾಸ್ತ್ರಜ್ಞ ಆಕ್ಸೆಲ್ ಬ್ಲಿಟ್ ಅವರು 1876ರಲ್ಲಿಯೇ, ಹಿಮಯುಗದ ಅನಂತರ ಒಣಹವೆಯ ಯುಗಗಳೂ ತೇವದ ಯುಗಗಳೂ ಒಂದಾದಮೇಲೊಂದು ಬಂದುಹೋದುವೆಂದು ವಾದಿಸಿದ್ದರು. ಉಪ್ಸಾಲದ ರೂತ್ಗರ್ ಸರ್ನಾಂಡರ್ ಅವರು ಈ ಮತವನ್ನು ಎತ್ತಿಹಿಡಿದು ಜೌಗುಗಳ ಪದರಗಳಲ್ಲಿ ಅದಕ್ಕೆ ಸಾಕ್ಷ್ಯ ಹುಡುಕಿದರು. ಇದಿರುಪಕ್ಷದ ಮುಖಂಡರು ಗುನ್ನಾರ್ ಆಂಡರ್ಸನ್. ಹವೆ ಹೀಗೆ ಮತ್ತೆ ಮತ್ತೆ ಹೊರಳಾಡಲಿಲ್ಲ, ಶಾಖವು ಒಮ್ಮೆ ನಿಧಾನವಾಗಿ ಏರಿ, ಶಿಖರ ಮುಟ್ಟಿ, ನಿಧಾನವಾಗಿಯೇ ಇಳಿಯಿತು ಎಂಬುದು ಅವರ ನಿಲವು. ಆಂಡರ್ಸನ್ನರ ಕೈಯಲ್ಲಿದ್ದ ಬಲವಾದ ಸಾಕ್ಷ್ಯ ಹೇಜಲ್ ಎಂಬ ಪೊದೆಯ ಕಾಯಿ. ಅದು ಇಂದು ಬೆಳೆಯುವ ಎಲ್ಲೆಯನ್ನು ಮೀರಿ, ಬಹಳ ಉತ್ತರದ ಜೌಗುಗಳಲ್ಲಿಯೂ ಅದರ ಹಳೆಯ ಚಿಪ್ಪುಗಳು ದೊರೆತಿದ್ದುವು. ಹೇಜಲ್ ಅಂದು ಅಲ್ಲಿ ಬೆಳೆದಿರಬೇಕಾದರೆ ಬೇಸಗೆಯ ಶಾಖ ಇಂದಿಗಿಂತ ಎರಡು ಡಿಗ್ರಿಗೂ ಹೆಚ್ಚಾಗಿದ್ದಿರಬೇಕೆಂದು ಅವರು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದರು. ತರುಣ ಫಾನ್ ಪೋಸ್ಟರು ಸರ್ನಾಂಡರರ ಶಿಷ್ಯರು. ಗುರುವಿನ ಪಕ್ಷವನ್ನು ಹಿಡಿದು ವಾದಿಸುವುದು ಅವರಿಗೆ ಸುಲಭವಾದ ದಾರಿಯಾಗಿತ್ತು.

ಆದರೆ ವಾದಕ್ಕೆ ಆಧಾರವಾಗಿದ್ದ ಸಾಕ್ಷ್ಯದಲ್ಲಿಯೇ ಒಂದು ಕೊರತೆಯಿತ್ತು. ಕಾಯಿ, ಎಲೆ, ತೊಗಟೆ, ಕಾಂಡದ ತುಂಡು, ಇಂತಹ ದೊಡ್ಡ ಅವಶೇಷಗಳು ಸಿಕ್ಕಿದಲ್ಲಿ ಸಿಕ್ಕಿದುವು, ಸಿಗದಲ್ಲಿ ಇಲ್ಲ. ಸಿಕ್ಕಿದ ಕಾಯಿ ಆ ಮರ ಅಲ್ಲಿತ್ತು ಎಂದು ಹೇಳಬಲ್ಲದು. ಅಂತಹ ಮರಗಳು ಎಷ್ಟಿದ್ದುವು, ಸುತ್ತಲಿನ ನಾಡಿನಲ್ಲಿ ಅವು ಸಾಮಾನ್ಯವೋ ಅಪರೂಪವೋ ಎಂದು ಹೇಳಲಾರದು. ಕಾಯಿ ಸಿಗದಿದ್ದರಂತೂ ಮರ ಇರಲಿಲ್ಲವೆಂದು ನಿರ್ಧರಿಸುವಂತೆಯೇ ಇಲ್ಲ. ಒಂದು ಊರಿನ ಜನಸಂಖ್ಯೆಯನ್ನು ಅಲ್ಲಿ ಸಿಕ್ಕಿದ ನಾಲ್ಕು ಶಾಸನಗಳಿಂದ ಊಹಿಸಿದಂತೆ ಇದು. ಇಬ್ಬರು ಮಹಾವಿದ್ವಾಂಸರು ಇಂತಹ ಬಿಡಿ ಸಾಕ್ಷ್ಯಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ವಾದಿಸಿದರೆ ತೀರ್ಮಾನ ಹೇಗಾದೀತು?

1908ರಲ್ಲಿ ಫಾನ್ ಪೋಸ್ಟರು ಸ್ವೀಡನ್ನಿನ ಭೂವೈಜ್ಞಾನಿಕ ಸಮೀಕ್ಷೆಯ ಕೆಲಸಕ್ಕೆ ಸೇರಿದರು. 1929ರವರೆಗೆ, ಇಪ್ಪತ್ತೊಂದು ವರ್ಷ, ಅವರ ದುಡಿಮೆ ಅಲ್ಲಿಯೇ ನಡೆಯಿತು. ಸರ್ಕಾರದ ಕೆಲಸವೆಂದರೆ ಜೌಗಿನಿಂದ ಜೌಗಿಗೆ ಅಲೆದು, ಕೊರೆದು, ಪದರಗಳ ಆಳವನ್ನೂ ಗುಣವನ್ನೂ ಬರೆದಿಡುವುದು. 1910ರಲ್ಲಿ ಅಂತಾರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನ ಸ್ಟಾಕ್‌ಹೋಮಿನಲ್ಲಿ ನೆರೆಯಿತು. ಹಿಮಯುಗದ ಅನಂತರದ ವಾಯುಗುಣವೇ ಆ ಸಮ್ಮೇಳನದ ಮುಖ್ಯ ವಿಷಯಗಳಲ್ಲೊಂದು. ಸರ್ನಾಂಡರರೂ ಫಾನ್ ಪೋಸ್ಟರೂ ನೆರ್ಕೆ ಪ್ರಾಂತದ ಜೌಗುಗಳಿಗೆ ವಿದೇಶದ ವಿದ್ವಾಂಸರನ್ನು ಕರೆದೊಯ್ದು ಪದರಗಳನ್ನು ತೋರಿಸಿದರು. ಅದೇ ಸಮ್ಮೇಳನದಲ್ಲಿ ಗೆರಾರ್ಡ್ ಡೆ ಗೀರ್ ಅವರು ತಮ್ಮ ಕಾಲಗಣನೆಯನ್ನು ಮಂಡಿಸಿದರು. ಕರಗುವ ಹಿಮದ ನೀರು ವರ್ಷಕ್ಕೊಂದರಂತೆ ಹಾಸಿಹೋದ ಜೇಡಿಯ ಪದರಗಳನ್ನು, ಮರದ ಉಂಗುರಗಳನ್ನು ಎಣಿಸುವಂತೆ ಎಣಿಸಿ, ಹಿಮ ಸರಿದ ಕಾಲವನ್ನು ಅವರು ವರ್ಷಗಳಲ್ಲಿ ಹೇಳಿದ್ದರು. ಎಣಿಕೆಯಿಂದ ಏನಾಗಬಹುದೆಂಬುದಕ್ಕೆ ಅದೊಂದು ಭವ್ಯ ನಿದರ್ಶನ. ಎಣಿಸಲು ತಕ್ಕ ವಸ್ತು ಜೌಗಿನಲ್ಲಿಯೂ ಇತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ಪರಾಗದ ಒಂದು ಕಣದ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲೊಂದು ಭಾಗದಿಂದ ಹತ್ತರಲ್ಲೊಂದು ಭಾಗದವರೆಗೆ. ಅದರ ಒಳಗಿನ ಜೀವಾಂಶ ಬೇಗನೆ ನಾಶವಾದರೂ ಹೊರಗವಚ ಅತ್ಯಂತ ಗಟ್ಟಿ. ಆಮ್ಲಕ್ಕೂ ಕ್ಷಾರಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ಶತ್ರುವೆಂದರೆ ಗಾಳಿಯ ಆಮ್ಲಜನಕ. ನೀರು ತುಂಬಿ ಗಾಳಿಯಾಡದ ಹೂಳಿನಲ್ಲಿ ಅದು ಹತ್ತಾರು ಸಾವಿರ ವರ್ಷ ಕೆಡದೆ ಇರಬಲ್ಲದು. ಇನ್ನೂ ಹೆಚ್ಚಿನ ಸೋಜಿಗವೆಂದರೆ, ಪ್ರತಿಯೊಂದು ಕುಲದ ಗಿಡಕ್ಕೂ ಅದರದೇ ಆದ ಕವಚದ ಕೆತ್ತನೆಯಿದೆ. ಪೈನ್ ಮರದ ಕಣಕ್ಕೆ ಎರಡು ಪಕ್ಕಗಳಲ್ಲಿ ಎರಡು ಗಾಳಿಚೀಲಗಳು. ಬರ್ಚ್ ಮರದ್ದಕ್ಕೆ, ಅಂದರೆ ನಮ್ಮ ಹಿಮಾಲಯದ ಭೂರ್ಜದ ಬಂಧುವಿಗೆ, ಅಂಚಿನಲ್ಲಿ ಮೂರು ರಂಧ್ರಗಳು. ಹುಲ್ಲಿನದು ಒಂದೇ ರಂಧ್ರದ ಗುಂಡು. ಸೂಕ್ಷ್ಮದರ್ಶಕದ ಅಡಿಯಲ್ಲಿ ಇವನ್ನು ಮೊದಲ ಸಲ ಕಂಡ ವಿದ್ಯಾರ್ಥಿಗಳು ಮಾತು ಮರೆತು ನಿಲ್ಲುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಜೌಗಿನಲ್ಲಿ ಪರಾಗವಿದೆಯೆಂಬುದನ್ನು ಮೊದಲು ಕಂಡವರು ಫಾನ್ ಪೋಸ್ಟರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸ್ವಿಟ್ಜರ್ಲೆಂಡ್, ಜರ್ಮನಿಗಳ ಶೋಧಕರು ಅದನ್ನು ಗುರುತಿಸಿದ್ದರು. ಅದನ್ನು ಮೊದಲು ಎಣಿಸಿದವರೂ ಅವರಲ್ಲ. ಸ್ಟಾಕ್‌ಹೋಮಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಗುಸ್ತಾಫ್ ಲಾಗರ್‌ಹೈಮ್ ಅವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಕೆಲವು ಮಾದರಿಗಳ ಕಣಗಳನ್ನು ಎಣಿಸಿ ಶೇಕಡಾವಾರು ಲೆಕ್ಕ ಹಾಕಿದ್ದರು. ಆ ಲೆಕ್ಕಗಳು 1905ರಲ್ಲಿಯೂ 1909ರಲ್ಲಿಯೂ ಇತರರ ಲೇಖನಗಳಲ್ಲಿ ಅಚ್ಚಾದುವು. ಪರಾಗವನ್ನು ಗುರುತಿಸುವ ವಿದ್ಯೆಯಲ್ಲಿ ಫಾನ್ ಪೋಸ್ಟರಿಗೆ ಲಾಗರ್‌ಹೈಮರೇ ಮಾರ್ಗದರ್ಶಕರು. ಹಾಗಾದರೆ ಫಾನ್ ಪೋಸ್ಟರು ಮಾಡಿದ್ದೇನು ಎಂದು ಓದುಗರು ಕೇಳಬಹುದು. ನಾನೂ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದೇನೆ. ಒಂದು ಮಾದರಿಯ ಎಣಿಕೆ ಒಂದು ವಿಷಯವನ್ನು ತಿಳಿಸುತ್ತದೆ. ಜೌಗಿನ ತಳದಿಂದ ಮೇಲ್ಮೈವರೆಗೆ, ಒಂದು ಪದರವನ್ನೂ ಬಿಡದೆ ಕ್ರಮವಾಗಿ ಎಣಿಸಿದರೆ ಅದು ಕಥೆಯಾಗುತ್ತದೆ. ನೆರೆಹೊರೆಯ ಹತ್ತಾರು ಜೌಗುಗಳಲ್ಲಿ ಇದೇ ಕೆಲಸವನ್ನು ಮಾಡಿ, ಆ ಕಥೆಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ಪರೀಕ್ಷಿಸಿದರೆ ಅದು ಚರಿತ್ರೆಯಾಗುತ್ತದೆ. ಈ ಕೊನೆಯ ಎರಡು ಹೆಜ್ಜೆಗಳು ಫಾನ್ ಪೋಸ್ಟರವು.

ಕೆಲಸದ ಕ್ರಮ ಹೇಳಲು ಸರಳ, ಮಾಡಲು ಬೇಸರ ತರಿಸುವಂತಹದು. ತುದಿಯಲ್ಲಿ ಮುಚ್ಚುವ ಕೋಶವುಳ್ಳ ಕಬ್ಬಿಣದ ಸಲಾಕೆಯನ್ನು ಜೌಗಿಗೆ ಇಳಿಸಿ, ಬೇಕಾದ ಆಳದಲ್ಲಿ ತಿರುಗಿಸಿದರೆ ಆ ಮಟ್ಟದ ಮಣ್ಣು ಕೋಶದೊಳಗೆ ತುಂಬಿಕೊಳ್ಳುತ್ತದೆ. ಮೇಲಿನ ಪದರದ ಮಣ್ಣು ಕೆಳಗಿನದರೊಡನೆ ಬೆರೆಯದಂತೆ ಎಚ್ಚರವಹಿಸಬೇಕು. ಆ ಮಣ್ಣಿನ ಚಿಟಿಕೆಯನ್ನು ಕ್ಷಾರದಲ್ಲಿ ಕುದಿಸಿದರೆ ಕೊಳೆತ ಅಂಶ ಕರಗಿ ಪರಾಗದ ಕವಚಗಳು ಸ್ಪಷ್ಟವಾಗುತ್ತವೆ. ಅನಂತರ ಗಾಜಿನ ಹಲಗೆಯ ಮೇಲೆ ಅದನ್ನು ಹರಡಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಸಾಲಾಗಿ ಸರಿಸುತ್ತ, ಕಂಡ ಕಣವನ್ನು ಗುರುತಿಸಿ ಅದರದರ ಹೆಸರಿನ ಮುಂದೆ ಗೀಟು ಹಾಕುತ್ತ ಹೋಗಬೇಕು. ಒಂದೊಂದು ಮಾದರಿಗೆ ನೂರು, ನೂರೈವತ್ತು ಕಣಗಳು. ಇಂತಹ ಹತ್ತಾರು ಮಾದರಿಗಳಿಗೆ ಒಂದು ಜೌಗು. ಇಂತಹ ಹತ್ತಾರು ಜೌಗುಗಳಿಗೆ ಒಂದು ಪ್ರಾಂತ. ಬಂದ ಸಂಖ್ಯೆಗಳನ್ನು ಫಾನ್ ಪೋಸ್ಟರು ನಕ್ಷೆಯಾಗಿ ಬರೆದರು. ಆಳವು ಲಂಬರೇಖೆಯಲ್ಲಿ, ಪ್ರತಿ ಮರದ ಶೇಕಡಾಂಶ ಅಡ್ಡರೇಖೆಯಲ್ಲಿ. ಒಂದೊಂದು ಮರಕ್ಕೆ ಒಂದೊಂದು ಗುರುತು. ಕೆಳಗಿನಿಂದ ಮೇಲಕ್ಕೆ ಓದಿದರೆ ಹಿಂದಿನಿಂದ ಇಂದಿಗೆ ಬಂದಂತೆ.

1916ರಲ್ಲಿ ಸ್ಕ್ಯಾಂಡಿನೇವಿಯದ ಪ್ರಕೃತಿವಿಜ್ಞಾನಿಗಳ ಹದಿನಾರನೆಯ ಸಮ್ಮೇಳನ ನಾರ್ವೆಯ ಕ್ರಿಸ್ಟಿಯಾನಿಯ ನಗರದಲ್ಲಿ ಸೇರಿತು. ಈ ನಗರಕ್ಕೆ 1925ರಲ್ಲಿ ಓಸ್ಲೋ ಎಂದು ಹೆಸರಾಯಿತು. ಯೂರೋಪಿನ ದೊಡ್ಡ ರಾಷ್ಟ್ರಗಳು ಮಹಾಯುದ್ಧದಲ್ಲಿ ಮುಳುಗಿದ್ದ ಆ ವರ್ಷ, ತಟಸ್ಥವಾಗಿದ್ದ ಉತ್ತರದ ನಾಡುಗಳ ವಿದ್ವಾಂಸರ ಮುಂದೆ, ಮೂವತ್ತೆರಡು ವಯಸ್ಸಿನ ಫಾನ್ ಪೋಸ್ಟರು ದಕ್ಷಿಣ ಸ್ವೀಡನ್ನಿನ ಜೌಗುಗಳಲ್ಲಿ ಕಾಡುಮರಗಳ ಪರಾಗ ಎಂಬ ವಿಷಯವಾಗಿ ಉಪನ್ಯಾಸಮಾಡಿದರು. ಪರಾಗವಿಶ್ಲೇಷಣೆಯೆಂಬ ಶಾಸ್ತ್ರದ ಜನ್ಮದಿನವೆಂದು ಅದನ್ನು ಇಂದಿಗೂ ಸ್ಮರಿಸುತ್ತಾರೆ. ಉಪನ್ಯಾಸ ಸ್ವೀಡಿಷ್ ಭಾಷೆಯಲ್ಲಿತ್ತು; ಪೂರ್ಣರೂಪದಲ್ಲಿ ಅಚ್ಚಾದದ್ದು 1918ರಲ್ಲಿ; ಇಂಗ್ಲಿಷಿಗೆ ಅನುವಾದವಾದದ್ದು 1967ರಲ್ಲಿ, ಲೇಖಕರು ತೀರಿಕೊಂಡು ಹದಿನಾರು ವರ್ಷಗಳಾದಮೇಲೆ.

ನಕ್ಷೆಗಳು ಹೇಳಿದ ಕಥೆಯ ಸಾರ ಇಷ್ಟು. ತಳದ ಪದರಗಳಲ್ಲಿ ಬರ್ಚ್, ಪೈನ್‌ಗಳದೇ ಪ್ರಾಬಲ್ಯ; ಚಳಿಗೆ ಅಂಜದ ಮೊದಲ ವಲಸಿಗರು ಅವು. ಅವುಗಳ ಮೇಲೆ ಹೇಜಲ್ಲಿನ ಏರಿಕೆ. ಆಮೇಲೆ ಆಲ್ಡರ್; ಅದರೊಡನೆ ಓಕ್, ಎಲ್ಮ್, ಲಿಂಡೆನ್‌ಗಳ ಮಿಶ್ರಕಾನನ. ಶಾಖವನ್ನು ಬಯಸುವ ಈ ಮೂರು ಮರಗಳನ್ನು ಫಾನ್ ಪೋಸ್ಟರು ಒಟ್ಟುಗೂಡಿಸಿ ಒಂದೇ ರೇಖೆಯಾಗಿ ಬರೆದರು. ಹವೆ ಬೆಚ್ಚಗಿದ್ದ ಕಾಲಕ್ಕೆ ಆ ರೇಖೆಯೇ ಗುರುತಾಯಿತು. ಇನ್ನೂ ಮೇಲಕ್ಕೆ ಬಂದರೆ ಈ ರೇಖೆ ಇಳಿಯುತ್ತದೆ. ದಕ್ಷಿಣದ ತುದಿಯಲ್ಲಿ ಬೀಚ್, ಉಳಿದೆಡೆಗಳಲ್ಲಿ ಸ್ಪ್ರೂಸ್ ಮೇಲೇರುತ್ತವೆ. ಇಂದು ಸ್ವೀಡನ್ನಿನ ಕಾಡೆಂದರೆ ಕಣ್ಣಿಗೆ ಕಟ್ಟುವ ಸ್ಪ್ರೂಸ್ ಮರವು ದಕ್ಷಿಣ ಭಾಗಕ್ಕೆ ಬಂದದ್ದು ಎಲ್ಲಕ್ಕಿಂತ ಕಡೆಗೆ, ಅದೂ ಉತ್ತರದ ಕಡೆಯಿಂದ ಎಂಬುದು ಎಷ್ಟು ಜನರಿಗೆ ತಿಳಿದಿದ್ದೀತು? ಒಂದು ಜೌಗಿನಲ್ಲಿ ಕಂಡ ಕ್ರಮವೇ ನೆರೆಯ ಜೌಗುಗಳಲ್ಲಿಯೂ ಕಂಡಿತು. ಗಾಳಿ ಪರಾಗವನ್ನು ಬೆರೆಸಿ ನಾಡಿನ ಮೇಲೆಲ್ಲ ಹರಡುವುದರಿಂದ, ಒಂದು ಜೌಗಿನ ಒಂದು ಮಟ್ಟ ಇನ್ನೊಂದು ಜೌಗಿನ ಯಾವ ಮಟ್ಟಕ್ಕೆ ಸಮಕಾಲೀನವೆಂಬುದನ್ನೂ ಆ ರೇಖೆಗಳಿಂದ ಹೇಳಬಹುದಾಯಿತು. ಇದುವರೆಗೆ ಬಿಡಿಬಿಡಿಯಾಗಿದ್ದ ಜೌಗುಗಳ ಚರಿತ್ರೆ ಒಂದೇ ಪಂಚಾಂಗಕ್ಕೆ ಸೇರಿತು.

ಹಾಗಾದರೆ ಗುರುವಿನ ಪಕ್ಷ ಗೆದ್ದಿತೇ? ನನಗೆ ತೋರುವಂತೆ, ಫಾನ್ ಪೋಸ್ಟರ ವ್ಯಕ್ತಿತ್ವದ ಹಿರಿಮೆ ಇಲ್ಲಿಯೇ ಇದೆ. ಪೀಟ್ ಪದರಗಳಲ್ಲಿ ಒಣಗಿದ ಕಾಲದ ಗುರುತುಗಳೂ ತೇವದ ಕಾಲದ ಗುರುತುಗಳೂ ಇದ್ದುವು. ಅದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಪರಾಗದ ರೇಖೆಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಶಾಖದ ಒಂದು ದೊಡ್ಡ ಏರಿಕೆಯನ್ನು, ಒಂದು ಶಿಖರವನ್ನು, ಒಂದು ಇಳಿಕೆಯನ್ನು. ಮುಂದೆ ಅವರು ಹಿಮಾನಂತರಕಾಲವನ್ನು ವಿಭಾಗಿಸುವಾಗ ಶಾಖ ಏರುವ ಕಾಲ, ಶಾಖ ನೆಲೆನಿಂತ ಕಾಲ, ಶಾಖ ಇಳಿಯುವ ಕಾಲ ಎಂದು ಮೂರು ಭಾಗಗಳನ್ನೇ ಮಾಡಿದರು. ಆಂಡರ್ಸನ್ನರು ಕಂಡ ರೂಪಕ್ಕೂ ಇದಕ್ಕೂ ಇರುವ ಹೋಲಿಕೆ ಯಾರಿಗಾದರೂ ಕಾಣುತ್ತದೆ. ಸರ್ನಾಂಡರರ ಶಿಷ್ಯರಾಗಿದ್ದುಕೊಂಡೇ, ಇದಿರುಪಕ್ಷದ ಮಾತಿನಲ್ಲಿ ಸತ್ಯವಿದ್ದಷ್ಟನ್ನು ಅವರು ಎಣಿಕೆಯ ಬಲದಿಂದ ಒಪ್ಪಿಕೊಂಡರು. ವಾದಿಸುವವರು ತಮಗೆ ಬೇಕಾದ ಸಾಕ್ಷಿಯನ್ನು ಆರಿಸಿಕೊಳ್ಳಬಹುದು; ಎಣಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಕಣ್ಣಮುಂದೆ ಬಂದ ಪ್ರತಿಯೊಂದು ಕಣವನ್ನೂ ಅವನು ಲೆಕ್ಕಕ್ಕೆ ಸೇರಿಸಲೇಬೇಕು.

ಇದೇ ವರ್ಷಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ದಕ್ಷಿಣ ಸ್ವೀಡನ್ನಿನಲ್ಲಿ ಪೀಟ್ ಎಲ್ಲೆಲ್ಲಿ ಎಷ್ಟಿದೆ, ಎಂತಹದಿದೆ ಎಂಬ ದೊಡ್ಡ ಸಮೀಕ್ಷೆಯನ್ನು ಭೂವೈಜ್ಞಾನಿಕ ಇಲಾಖೆ ಕೈಕೊಂಡಿತು. ಪೀಟ್ ಎಷ್ಟು ಕೊಳೆತಿದೆಯೆಂಬುದನ್ನು ಬಯಲಿನಲ್ಲಿಯೇ ನಿಂತು ಅಳೆಯುವುದಕ್ಕೆ ಫಾನ್ ಪೋಸ್ಟರು ಒಂದು ಉಪಾಯವನ್ನು ರೂಪಿಸಿ 1922ರಲ್ಲಿ ಪ್ರಕಟಿಸಿದರು. ಹಸಿಯ ಪೀಟನ್ನು ಮುಷ್ಟಿಯಲ್ಲಿ ಹಿಂಡಬೇಕು. ತಿಳಿಯಾದ ನೀರು ಮಾತ್ರ ಬಂದರೆ ಅದು ಮೊದಲನೆಯ ದರ್ಜೆ, ಸ್ವಲ್ಪವೂ ಕೊಳೆತಿಲ್ಲ. ಕದಡಿದ ನೀರು ಬಂದರೆ ಮುಂದಿನ ದರ್ಜೆಗಳು. ಅರ್ಧದಷ್ಟು ಪೀಟ್ ಬೆರಳುಸಂದಿನಿಂದ ಹೊರಬಂದರೆ ಏಳನೆಯ ದರ್ಜೆ. ಕೈಯಲ್ಲಿ ಏನೂ ಉಳಿಯದೆ ಎಲ್ಲವೂ ಜಾರಿಹೋದರೆ ಹತ್ತನೆಯದು. ಒಂದು ಉಪಕರಣವೂ ಬೇಡದ ಈ ಅಳತೆ ಫಾನ್ ಪೋಸ್ಟರ ಹೆಸರಿನಲ್ಲಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಣ್ಣಿಗೆ ಕಾಣದ ಕಣವನ್ನು ಎಣಿಸಿದವರೇ ಮುಷ್ಟಿಯ ಅನುಭವವನ್ನೂ ಅಂಕಗಳಿಗೆ ಇಳಿಸಿದರು.

1924ರಲ್ಲಿ ಅವರು ದಕ್ಷಿಣ ಸ್ವೀಡನ್ನಿನ ಕಾಡುಗಳ ಪ್ರಾದೇಶಿಕ ಚರಿತ್ರೆಯನ್ನು ಪ್ರಕಟಿಸಿದರು. ಒಂದು ಜೌಗಿನ ನಕ್ಷೆ ಕಾಲವನ್ನು ಮಾತ್ರ ತೋರಿಸಿದರೆ, ಇಲ್ಲಿ ಹಲವು ಜೌಗುಗಳನ್ನು ಕೂಡಿಸಿ, ಒಂದೊಂದು ಕಾಲದಲ್ಲಿ ಒಂದೊಂದು ಮರ ನಾಡಿನ ಯಾವ ಭಾಗದಲ್ಲಿ ಎಷ್ಟಿತ್ತೆಂಬುದನ್ನು ಭೂಪಟದ ಮೇಲೆಯೇ ತೋರಿಸುವ ಪ್ರಯತ್ನವಿತ್ತು. ಆದರೆ ಸ್ವೀಡಿಷ್ ಬಲ್ಲವರಿಗಷ್ಟೇ ಎಟುಕುವ ಈ ವಿದ್ಯೆ ಹೊರಗೆ ಹರಡಿದ್ದು ಮುಖ್ಯವಾಗಿ ಅವರ ಶಿಷ್ಯರಿಂದ. ಗುನ್ನಾರ್ ಎರ್ಡ್ಟ್‌ಮನ್ ಅವರು 1921ರಲ್ಲಿ ಜರ್ಮನ್ ಭಾಷೆಯಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದಾಗ ಯೂರೋಪಿನ ಇತರರು ಈ ಕ್ರಮವನ್ನು ಅರಿತರು. 1943ರಲ್ಲಿ ಎರ್ಡ್ಟ್‌ಮನ್ನರೇ ಇಂಗ್ಲಿಷಿನಲ್ಲಿ ಪಠ್ಯಗ್ರಂಥವನ್ನು ಬರೆದರು. ಮರುವರ್ಷ, 1944ರಲ್ಲಿ, ಈ ಶಾಸ್ತ್ರಕ್ಕೆ ಪ್ಯಾಲಿನಾಲಜಿ ಎಂಬ ಹೆಸರನ್ನು ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು ಸೂಚಿಸಿದರು. ಶಾಸ್ತ್ರ ಹುಟ್ಟಿ ಇಪ್ಪತ್ತೆಂಟು ವರ್ಷಗಳಾದಮೇಲೆ ಅದಕ್ಕೆ ನಾಮಕರಣವಾಯಿತು.

ಈ ಕ್ರಮಕ್ಕೆ ಮಿತಿಗಳಿಲ್ಲವೆಂದು ಯಾರೂ ಭಾವಿಸಬಾರದು. ಪೈನ್ ಮರ ಪರಾಗವನ್ನು ಧಾರಾಳವಾಗಿ ಚೆಲ್ಲುತ್ತದೆ, ಅದು ಬಹುದೂರ ಹಾರುತ್ತದೆ. ಲಿಂಡೆನ್ ಹೂವಿಗೆ ಜೇನುಹುಳುಗಳೇ ಬರುವುದರಿಂದ ಅದರ ಪರಾಗ ಹೂಳಿಗೆ ಸೇರುವುದು ಕಡಿಮೆ. ಆದ್ದರಿಂದ ಹೂಳಿನಲ್ಲಿ ಪೈನ್ ಹೆಚ್ಚು ಕಂಡಮಾತ್ರಕ್ಕೆ ಕಾಡಿನಲ್ಲಿಯೂ ಅಷ್ಟೇ ಹೆಚ್ಚಿತ್ತೆಂದು ಹೇಳಲಾಗದು. ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಶೇಕಡಾಂಶದಲ್ಲಿಯೇ ಇದೆ. ಒಂದು ಪದರದಲ್ಲಿ 120 ಪೈನ್, 60 ಬರ್ಚ್, 20 ಓಕ್ ಕಣಗಳಿದ್ದುವೆನ್ನೋಣ. ಆಗ ಬರ್ಚಿನ ಪಾಲು ನೂರಕ್ಕೆ 30. ಅದರ ಮೇಲಿನ ಪದರದಲ್ಲಿ ಪೈನ್ 320ಕ್ಕೆ ಏರಿ, ಬರ್ಚ್ 60, ಓಕ್ 20 ಆಗಿಯೇ ಉಳಿದರೆ, ಬರ್ಚಿನ ಪಾಲು ನೂರಕ್ಕೆ 15 ಆಗುತ್ತದೆ. ಒಂದು ಬರ್ಚ್ ಮರವೂ ಉರುಳಿಲ್ಲ. ನಕ್ಷೆಯಲ್ಲಿ ಮಾತ್ರ ಬರ್ಚಿನ ಕಾಡು ಅರ್ಧವಾಗಿದೆ! ಒಬ್ಬರ ಪಾಲು ಹೆಚ್ಚಿದರೆ ಉಳಿದವರ ಪಾಲು ಕುಗ್ಗಲೇಬೇಕಾದ ಅವಿಭಕ್ತ ಕುಟುಂಬದ ಲೆಕ್ಕ ಇದು. ಈ ತೊಡಕನ್ನು ಬಿಡಿಸಲು ಪದರಗಳ ನಿಜವಾದ ವಯಸ್ಸು ತಿಳಿಯಬೇಕಾಗಿತ್ತು. ಫಾನ್ ಪೋಸ್ಟರ ಕಾಲದಲ್ಲಿ ಅದಕ್ಕೆ ಸಾಧನವಿರಲಿಲ್ಲ. ಅದಕ್ಕಾಗಿಯೇ ಅವರು ಒಂದು ನಕ್ಷೆಯನ್ನು ನಂಬದೆ ಹತ್ತು ನಕ್ಷೆಗಳ ಒಮ್ಮತವನ್ನು ಅರಸಿದರು.

1929ರಲ್ಲಿ ಅವರು ಸ್ಟಾಕ್‌ಹೋಮಿನ ಉನ್ನತ ವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು. 1950ರವರೆಗೆ ಆ ಪೀಠದಲ್ಲಿದ್ದರು. ಅದೇ 1929ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಲೇಖನವೊಂದರ ಶಿರೋನಾಮೆಯೇ ಪರಾಗದ ಅಂಕಿಸಂಖ್ಯೆಗಳನ್ನು ಒಂದು ಸಂಕೇತಲಿಪಿಯೆಂದು ಕರೆಯುತ್ತದೆ. ಲಿಪಿಯೆಂದಮೇಲೆ ಅದನ್ನು ಒಂದು ನಾಡಿನಲ್ಲಿ ಮಾತ್ರ ಓದಿ ಬಿಡುವಂತಿಲ್ಲ. ಸ್ವೀಡನ್ನಿನಲ್ಲಿ ಕಂಡ ಶಾಖದ ಏರಿಳಿತ ಇಡೀ ಭೂಮಂಡಲದ್ದೋ, ಆ ಮೂಲೆಯದು ಮಾತ್ರವೋ? ಇದನ್ನು ಅರಿಯಲು ಅವರು ದಕ್ಷಿಣಗೋಳಾರ್ಧದ ಮಾದರಿಗಳ ಕಡೆಗೆ ತಿರುಗಿದರು. ನ್ಯೂಜಿಲೆಂಡಿನ ಸಸ್ಯಶಾಸ್ತ್ರಜ್ಞೆ ಲೂಸಿ ಕ್ರಾನ್‌ವೆಲ್ ಅವರೊಡನೆ ಕೂಡಿ, ಆ ದ್ವೀಪಗಳ ಪರಾಗನಕ್ಷೆಗಳನ್ನು 1936ರಲ್ಲಿ ಪ್ರಕಟಿಸಿದರು. 1944ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಭೂಮಿಯ ವಾಯುಗುಣದ ಚರಿತ್ರೆಯನ್ನೇ ಪರಾಗದಿಂದ ಬರೆಯಬಹುದಾದ ಭವಿಷ್ಯವನ್ನು ಅವರು ವಿವರಿಸಿದರು. ಅದು 1946ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ತನ್ನ ಜಿಲ್ಲೆಯ ಜೌಗಿನಿಂದ ಹೊರಟವರು ಭೂಗೋಳವನ್ನು ಬಳಸಿ ಬಂದಿದ್ದರು.

ಈ ನಡುವೆ ಲಿಪಿಯಲ್ಲಿ ಅನಿರೀಕ್ಷಿತವಾದ ಇನ್ನೊಂದು ಅಕ್ಷರ ಕಾಣಿಸಿಕೊಂಡಿತು. ಡೆನ್ಮಾರ್ಕಿನ ಯೋಹಾನೆಸ್ ಈವರ್ಸನ್ ಅವರು 1941ರಲ್ಲಿ, ಕಾಡುಮರಗಳ ಪರಾಗ ಥಟ್ಟನೆ ಇಳಿದು ಹುಲ್ಲು, ಕಳೆಗಿಡ, ಧಾನ್ಯಗಳ ಪರಾಗ ಏರುವ ಪದರವನ್ನು ತೋರಿಸಿದರು. ಶಿಲಾಯುಗದ ರೈತ ಕಾಡು ಕಡಿದು ಹೊಲ ಮಾಡಿದ ಗುರುತು ಅದು. ಹವೆಯನ್ನು ಓದಲು ಹೊರಟ ಶಾಸ್ತ್ರಕ್ಕೆ ಮನುಷ್ಯನ ಕೊಡಲಿಯ ಸಪ್ಪಳವೂ ಕೇಳಿಸಿತು. ಅಂದಿನಿಂದ, ಒಂದು ಕಾಡು ಮರೆಯಾದುದಕ್ಕೆ ಮಳೆ ಕಾರಣವೋ ಮನುಷ್ಯ ಕಾರಣವೋ ಎಂಬ ಪ್ರಶ್ನೆ ಪ್ರತಿಯೊಂದು ನಕ್ಷೆಯ ಮೇಲೂ ನಿಂತಿದೆ.

ಫಾನ್ ಪೋಸ್ಟರು 1951ರ ಜನವರಿಯಲ್ಲಿ, ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಕೇವಲ ಎರಡು ವರ್ಷಗಳ ಹಿಂದೆ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಅವರು ವಿಕಿರಣಶೀಲ ಇಂಗಾಲದಿಂದ ಹಳೆಯ ವಸ್ತುಗಳ ವಯಸ್ಸನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದ್ದರು. ಪರಾಗದ ನಕ್ಷೆಗೆ ಕೊರತೆಯಾಗಿದ್ದ ಗಡಿಯಾರ ಸಿಕ್ಕಿದಾಗ ಅದನ್ನು ಬಳಸುವ ಕಾಲಾವಕಾಶ ಅವರಿಗೆ ಉಳಿದಿರಲಿಲ್ಲ. 1960ರ ದಶಕದಲ್ಲಿ ಮಾರ್ಗರೆಟ್ ಡೇವಿಸ್ ಅವರು ಅಮೆರಿಕದ ರೋಜರ್ಸ್ ಸರೋವರದ ಹೂಳನ್ನು ಈ ಗಡಿಯಾರದಿಂದ ಅಳೆದು, ವರ್ಷಕ್ಕೆ ಎಷ್ಟು ಪರಾಗ ಬಿದ್ದಿತೆಂಬುದನ್ನೇ ಲೆಕ್ಕಹಾಕಿದರು. ನಾನು ಮೇಲೆ ಹೇಳಿದ ಅವಿಭಕ್ತ ಕುಟುಂಬದ ತೊಡಕು ಹೀಗೆ ಬಿಡಿಸಿಕೊಂಡಿತು. ಒಂದೊಂದು ಮರಕ್ಕೂ ಅದರದೇ ಖಾತೆ ದೊರೆಯಿತು.

ನಮ್ಮ ದೇಶಕ್ಕೂ ಈ ವಿದ್ಯೆ ಬಂದಿತು. ಲಖನೌದ ಬೀರಬಲ್ ಸಾಹನಿ ಸಂಸ್ಥೆಯಲ್ಲಿ ದುಡಿದ ಗುರುದೀಪ್ ಸಿಂಗ್ ಅವರು ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣಕರಣಸರ್ ಎಂಬ ಉಪ್ಪುನೀರಿನ ಸರೋವರಗಳ ಹೂಳಿನಲ್ಲಿ ಪರಾಗವನ್ನು ಎಣಿಸಿದರು. ಇಂದು ಮರಳುಗಾಡಾಗಿರುವಲ್ಲಿ ಹಿಂದೆ ಹೆಚ್ಚು ಮಳೆ ಬೀಳುತ್ತಿತ್ತೆಂದೂ, ಸಿಂಧೂ ಕಣಿವೆಯ ನಗರಗಳ ಏಳುಬೀಳಿಗೆ ಆ ಮಳೆಯ ಏರಿಳಿತದೊಡನೆ ಸಂಬಂಧವಿದೆಯೆಂದೂ 1971ರಲ್ಲಿ ಸೂಚಿಸಿದರು. ದೇಶದ ಚರಿತ್ರಕಾರರೆಲ್ಲ ಕಿವಿಗೊಟ್ಟ ಮಾತು ಅದು. ಆದರೆ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಲೂಣಕರಣಸರ್ ಸರೋವರ ಸುಮಾರು 5,500 ವರ್ಷಗಳ ಹಿಂದೆಯೇ, ಅಂದರೆ ಹರಪ್ಪದ ನಗರಗಳು ಪೂರ್ಣವಿಕಾಸ ಹೊಂದುವ ಮೊದಲೇ ಬತ್ತಿತ್ತೆಂದು ತೋರಿಸಿತು. ಉಪ್ಸಾಲದ ವಾದದಂತೆಯೇ ಇದೂ ವಾದವಾಯಿತು. ಇಲ್ಲಿ ಎರಡು ಪಕ್ಷದವರೂ ತಮ್ಮ ಸಾಕ್ಷ್ಯವನ್ನು ಪದರದ ಆಳ, ವಯಸ್ಸುಗಳೊಡನೆ ಮುಂದಿಟ್ಟರು. ಆದ್ದರಿಂದ ಎಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದನ್ನು ಮೂರನೆಯವರು ಪರೀಕ್ಷಿಸಬಲ್ಲರು. ಫಾನ್ ಪೋಸ್ಟರ ಕೊಡುಗೆಯಿಂದಾದ ಪ್ರಯೋಜನ ಇದೇ.

ಕನ್ನಡನಾಡಿನ ಕರಾವಳಿಯ ಕಥೆಯನ್ನೂ ಪರಾಗ ಹೇಳಿದೆ. ಕಾರವಾರದ ಆಚೆಯ ಸಮುದ್ರತಳದಿಂದ ತೆಗೆದ ಹೂಳಿನಲ್ಲಿ, ಸಹ್ಯಾದ್ರಿಯ ಕಾಡುಗಳಿಂದ ಹೊಳೆಗಳು ಹೊತ್ತುತಂದ ಪರಾಗವಿದೆ. ಅದನ್ನು ಎಣಿಸಿದ ಫ್ರೆಂಚ್ ವಿಜ್ಞಾನಿ ಕಾರಾತೀನಿ ಮತ್ತು ಅವರ ಸಹೋದ್ಯೋಗಿಗಳು, ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿಯ ಹವೆ ಮೊದಲಿಗಿಂತ ಒಣಗಿದೆಯೆಂಬ ನಿರ್ಣಯವನ್ನು 1994ರಲ್ಲಿ ಪ್ರಕಟಿಸಿದರು. ನಮ್ಮ ಊರಕೆರೆಗಳಿಂದ ಇಂತಹ ದೀರ್ಘಕಥೆ ಸಿಗುವುದು ಕಷ್ಟ. ಅವು ಮನುಷ್ಯ ಕಟ್ಟಿದವು. ಬೇಸಗೆಯಲ್ಲಿ ಬತ್ತಿ ತಳ ಬಿರಿದಾಗ ಗಾಳಿ ಹೊಕ್ಕು ಪರಾಗ ಕೆಡುತ್ತದೆ. ಉಳಿದ ಹೂಳನ್ನು ರೈತರು ತೆಗೆದು ಹೊಲಕ್ಕೆ ಹಾಕುತ್ತಾರೆ. ಅದು ಬೆಳೆಗೆ ಒಳ್ಳೆಯದು, ಚರಿತ್ರೆಗೆ ಮಾತ್ರ ನಷ್ಟ. ಎಲ್ಲಿಯೂ ಕೆದಕದೆ ಉಳಿದ ಜೌಗು, ಸರೋವರಗಳು ದೇಶಕ್ಕೆ ಕಡತಗಳಿದ್ದಂತೆ. ಒಂದು ಜೌಗನ್ನು ಬರಿದುಮಾಡಿ ನಿವೇಶನ ಮಾಡಿದಾಗ ನೀರೊಂದೇ ಅಲ್ಲ, ಆ ಕಡತವೂ ಸುಡುತ್ತದೆ.

ನಾವು ಚರಿತ್ರೆಯೆಂದರೆ ಅರಸರ ಶಾಸನ, ಯುದ್ಧ, ದಾನಗಳೆಂದು ಓದುತ್ತ ಬಂದವರು. ಒಂದು ಶಾಸನವನ್ನು ಬರೆಸಿದವನಿಗೆ ತನ್ನ ಹೆಸರು ಉಳಿಯಬೇಕೆಂಬ ಇಚ್ಛೆಯಿರುತ್ತದೆ. ಆದ್ದರಿಂದ ಅದನ್ನು ಓದುವವನು ಉತ್ಪ್ರೇಕ್ಷೆಯನ್ನು ಕಳೆದು ಓದಬೇಕು. ಮರಕ್ಕೆ ಅಂತಹ ಇಚ್ಛೆಯಿಲ್ಲ. ಅದು ಚೆಲ್ಲಿದ ಕಣ ಸುಳ್ಳು ಹೇಳುವುದಿಲ್ಲ, ಆದರೆ ತಾನಾಗಿ ಮಾತನ್ನೂ ಆಡುವುದಿಲ್ಲ. ನೂರಾರು ಕಣಗಳನ್ನು ಒಟ್ಟಿಗೆ ಕೇಳಿದಾಗ ಮಾತ್ರ ಉತ್ತರಕೊಡುತ್ತದೆ. ವಾಯುಗುಣ ಮುಂದೆ ಎತ್ತ ಸಾಗೀತೆಂದು ಲೋಕವೆಲ್ಲ ಚಿಂತಿಸುತ್ತಿರುವ ಈ ದಿನಗಳಲ್ಲಿ, ಹವೆಯ ಮುನ್ನೆಣಿಕೆ ಮಾಡುವ ವಿಜ್ಞಾನಿಗಳು ತಮ್ಮ ಲೆಕ್ಕ ಸರಿಯೇ ಎಂದು ನೋಡಲು ಸರೋವರಗಳ ಹೂಳಿನ ಈ ಎಣಿಕೆಗಳನ್ನೇ ಒರೆಗಲ್ಲಾಗಿ ಬಳಸುತ್ತಿದ್ದಾರೆ. ಕ್ರಿಸ್ಟಿಯಾನಿಯದ ಆ ಸಭೆಯಲ್ಲಿ ಕುಳಿತು ಉಪನ್ಯಾಸ ಕೇಳಿದವರಿಗೆ ಇಷ್ಟು ದೂರದ ಫಲ ಹೊಳೆದಿರಲಾರದು. ಸಲಾಕೆ ಹಿಡಿದು ಜೌಗಿನಲ್ಲಿ ಇಳಿದ ಆ ಸರ್ಕಾರಿ ನೌಕರರು ತಮ್ಮ ಪಾಲಿಗೆ ಬಂದ ಕೆಲಸವನ್ನು, ಒಂದು ಕಣವನ್ನೂ ಬಿಡದೆ, ಲೆಕ್ಕಕ್ಕೆ ತಂದರು.